ಉಜ್ಜದ ಹಲ್ಲಿನ ಉಪಕಾರ

ಹಲ್ಲುಜ್ಜದೆ ಬನ್ನಿ ಎಂದು ಕೈಮುಗಿದು ಕೇಳಿಕೊಂಡರೂ, ಪ್ರಯೋಗಾಲಯಕ್ಕೆ ಬಂದವರೆಲ್ಲ ಫಳಫಳ ಹೊಳೆಯುವ ಹಲ್ಲುಗಳೊಂದಿಗೇ ಬರುತ್ತಿದ್ದರು. ಪರರ ಮುಂದೆ ಬಾಯಿ ತೆರೆಯುವುದೆಂದರೆ ಮಾನದ ಪ್ರಶ್ನೆಯಲ್ಲವೇ!

ಸಂಶೋಧನೆಗೆ ಕುಳಿತಿದ್ದ ಸೊಸೆ ತಲೆಯ ಮೇಲೆ ಕೈಹೊತ್ತಳು. ಅವಳಿಗೆ ಬೇಕಾಗಿದ್ದುದು ಹಲ್ಲಿನ ಮೇಲೆ ಕಟ್ಟುವ ಪಾಚಿ. ಅದೂ ಕದಡದೆ, ಕಟ್ಟಿದ ಹಾಗೆಯೇ. ಹಿಂದೆಲ್ಲ ಅವಳು ಅದನ್ನು ನೀರಿನಲ್ಲಿ ಕುಲುಕಿ ನೋಡಿದ್ದಳು. ಯಾವ ಯಾವ ಬ್ಯಾಕ್ಟೀರಿಯಾಗಳಿವೆ ಎಂದು ತಿಳಿದಿತ್ತು. ಯಾವುದರ ನೆರೆಯಲ್ಲಿ ಯಾವುದು ಎಂಬುದು ತಿಳಿದಿರಲಿಲ್ಲ. ದೊಡ್ಡ ಸೂಕ್ಷ್ಮದರ್ಶಕ ಅವಳ ಪಾಲಿಗೆ ಸಿಗುವುದು ಈ ಶನಿವಾರ ಮಾತ್ರ. ಅದು ಕೈತಪ್ಪಿದರೆ ಪ್ರಬಂಧ ಅರ್ಧಕ್ಕೇ ನಿಲ್ಲುತ್ತಿತ್ತು.

"ನನ್ನ ಬಾಯಿ ಆಗಲ್ವೇನೇ?" ಎಂದರು ಅತ್ತೆ, ಊಟದ ಮಧ್ಯೆ.

"ನೀವಾ ಅತ್ತೆ? ಕಾಫಿ ಕುಡಿದ್ರೂ ಬ್ರಶ್ ಹುಡುಕೋರು!"

"ನಿನ್ನ ಓದಿಗಿಂತ ಹೆಚ್ಚೇನೇ ಈ ಹಲ್ಲು?"

ಅಂಚೆ ಕಚೇರಿಯ ಕಿಟಕಿಯಲ್ಲಿ ದಿನವಿಡೀ ಮಾತನಾಡುವುದೇ ಅತ್ತೆಯ ಉದ್ಯೋಗ. ಶನಿವಾರದವರೆಗೂ ಅವರು ಬಾಯಿಗೆ ಕರವಸ್ತ್ರ ಹಿಡಿದು, ಕೈಸನ್ನೆಯಲ್ಲೇ ಅಂಚೆಚೀಟಿ ಮಾರಿದರು. "ಹಲ್ಲುನೋವಾ ಮೇಡಂ?" ಎಂದವರಿಗೆಲ್ಲ ಹೂಂಗುಟ್ಟಿದರು.

ಮನೆಯಲ್ಲೂ ಅದೇ ಕರವಸ್ತ್ರ, ಅದೇ ಕೈಸನ್ನೆ. ಮಗನಿಗೆ ಹಿಗ್ಗೋ ಹಿಗ್ಗು. "ಹುಟ್ಟಿದಾಗಿನಿಂದ ಈ ಮನೇಲಿ ಇಷ್ಟು ನೆಮ್ಮದಿ ಕಂಡಿರಲಿಲ್ಲ. ಇನ್ನೊಂದು ಡಿಗ್ರಿ ಮಾಡೇ," ಎಂದು ಹೆಂಡತಿಗೆ ಹೇಳಿ, ತಾಯಿಯಿಂದ ಸೌಟಿನ ಪೆಟ್ಟು ತಿಂದ.

ಶನಿವಾರ ಸೊಸೆ ಅತ್ತೆಯ ಒಸಡಿನಂಚಿನ ಪಾಚಿಯನ್ನು ಉಸಿರು ಬಿಗಿಹಿಡಿದು ಎತ್ತಿದಳು, ಕುಲುಕಲಿಲ್ಲ. ಒಂದೊಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಒಂದೊಂದು ಬಣ್ಣ ಹಚ್ಚಿ ಮಸೂರದಡಿ ಇಟ್ಟಳು. ಪರದೆ ಬೆಳಗಿತು. ಉದ್ದನೆಯ ಎಳೆಗಳು ಹಲ್ಲಿನ ಕಡೆಯಿಂದ ಕಂಬಗಳಂತೆ ಎದ್ದು ನಿಂತಿದ್ದವು. ಅವುಗಳ ತುದಿಗೆ ದುಂಡನೆಯವು ಜೋಳದ ತೆನೆಯ ಕಾಳುಗಳಂತೆ ಅಂಟಿಕೊಂಡಿದ್ದವು. ಗಾಳಿ ಬೇಕಾದವು ಹೊರಗೆ. ಗಾಳಿ ಸೋಕಬಾರದವು ಅವುಗಳ ಮರೆಯಲ್ಲಿ, ಒಳಗೆ. ಎಲ್ಲೆಂದರಲ್ಲಿ ಬಿದ್ದ ಕೊಳೆಯಲ್ಲ ಅದು, ಒಪ್ಪವಾಗಿ ಕಟ್ಟಿದ ಕೇರಿ.

ಅವಳ ಕಣ್ಣು ತುಂಬಿತು. "ನೋಡಿ ಅತ್ತೆ, ನಿಮ್ಮಿಂದ ಸಿಕ್ತು."

ಅತ್ತೆ ಕರವಸ್ತ್ರ ಸರಿಸಿ ಬಗ್ಗಿ ನೋಡಿದರು. "ಅಯ್ಯೋ, ಇಷ್ಟು ಸಂಸಾರ ನನ್ನ ಬಾಯೊಳಗೆ! ಒಬ್ಬರಿಗೊಬ್ಬರು ಎಷ್ಟು ಚೆನ್ನಾಗಿ ಹೊಂದ್ಕೊಂಡಿದಾರೆ ನೋಡೇ." ಮತ್ತೆ ಕರವಸ್ತ್ರ ಹಿಡಿದು ಕೇಳಿದರು, "ಎಲ್ಲಾ ಚಿತ್ರ ತೆಗೆದಾಯ್ತಾ?"

"ಆಯ್ತು ಅತ್ತೆ."

"ಹಾಗಾದ್ರೆ ಈ ಸಂಸಾರಾನ ಒಕ್ಕಲೆಬ್ಬಿಸಬಹುದಾ?"

ಸೊಸೆ ಆಗಲೇ ಚೀಲದಿಂದ ಹೊಸ ಬ್ರಶ್ ತೆಗೆದು, ತಾನೇ ಪೇಸ್ಟ್ ಹಚ್ಚಿ, ಎರಡೂ ಕೈಗಳಲ್ಲಿ ಹಿಡಿದು ನಿಂತಿದ್ದಳು.