ತಾರೀಖು ಬರೆಯದ ಚೀಟಿ

ತಿಲೋತ್ತಮಾ ಸತ್ತ ಹದಿಮೂರನೆಯ ದಿನ, ನೆಂಟರಿಷ್ಟರೆಲ್ಲ ಹೊರಟುಹೋದ ಮೇಲೆ, ಅವಳ ಫೋನು ಟಣ್ ಎಂದಿತು. ಸತ್ತವರ ಫೋನು ಸದ್ದು ಮಾಡಿದರೆ ಎದೆ ಝಲ್ಲೆನ್ನಬೇಕು. ಕೃಪಾಸಿಂಧು ಸಾಬತನಿಗೆ ಏನೂ ಆಗಲಿಲ್ಲ. ಹದಿಮೂರು ದಿನದಿಂದಲೂ ಅವನಿಗೆ ಏನೂ ಆಗುತ್ತಿರಲಿಲ್ಲ. ಚಿತೆಗೆ ಬೆಂಕಿ ಇಟ್ಟ, ತಲೆ ಬೋಳಿಸಿಕೊಂಡ, ಹನ್ನೆರಡನೆಯ ದಿನದ ಊಟದಲ್ಲಿ ಯಾರೋ ತರಕಾರಿ ಬೇಳೆಯ ದಾಲ್ಮಾಗೆ ಉಪ್ಪು ಕಮ್ಮಿ ಅಂದರೆ ತಾನೇ ಎದ್ದು ಹೋಗಿ ಉಪ್ಪು ತಂದು ಬಡಿಸಿದ. ಮಗಳು ರೂರ್ಕೆಲಾಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು, "ಬಾಪಾ, ಒಂದ್ಸಲ ಅತ್ತುಬಿಡು, ಹಗುರ ಆಗುತ್ತೆ" ಅಂದಳು. ಅವಳಿಗೋಸ್ಕರ ಪ್ರಯತ್ನಪಟ್ಟ. ಬರಲಿಲ್ಲ. ಮರಗಟ್ಟಿದ ಕಾಲನ್ನು ಗಿಲ್ಲಿದರೆ ಹೇಗೋ ಹಾಗಿತ್ತು.

ಫೋನಿನಲ್ಲಿ ಬಂದಿದ್ದು ಇಷ್ಟು: "ಓ ಭಾಯಿನಾ! ಎರಡು ವಾರ ಆಯ್ತು, ಸಿಗ್ನಲ್ ಎಲ್ಲಿ? ಪಖಾಳ ಹೊಡ್ದು ಮಲಗಿದೋನು ಇನ್ನೂ ಎದ್ದೇ ಇಲ್ವಾ?"

ಪಖಾಳ ಅಂದರೆ ನೀರು ಹಾಕಿಟ್ಟ ತಂಗಳನ್ನ. ಅದನ್ನು ಉಂಡು ಒಡಿಯಾ ಜನ ಮಧ್ಯಾಹ್ನವೆಲ್ಲ ಗೊರಕೆ ಹೊಡೆಯುತ್ತಾರೆ ಅನ್ನುವುದು ಬಂಗಾಳಿಗಳು ಸವೆದರೂ ಬಿಡದ ತಮಾಷೆ. ಬರೆದವನು ಅಸಾನ್ಸೋಲ್‌ನ ಬಾಪ್ಪಾದಾ ಅಂತೆ. ಆದರೆ ಭಾಯಿನಾ ಅಂದರೆ ಅಣ್ಣ. ತನ್ನ ಹೆಂಡತಿಯನ್ನು ಯಾವನೋ ಅಣ್ಣ ಅಂತ ಯಾಕೆ ಕರೆಯಬೇಕು? ಕೃಪಾಸಿಂಧು ಕನ್ನಡಕ ಏರಿಸಿ ಕೂತ.

ಅದು ಫೋನಿನೊಳಗೆ ಸೇರುವ ಡಿಶ್ ಹುಚ್ಚರ ಕಟ್ಟೆ. ಯಾವ ಚಾನೆಲ್ಲು ಬಂತು, ಯಾವುದು ಹೋಯಿತು, ತಮ್ಮ ಭಾಷೆಗೆ ಎಚ್‌ಡಿ ಯಾವಾಗ ಅಂತ ದೇಶದ ತುಂಬ ಇರುವ ಟೀವಿ ನೋಡುಗರು ಇಲ್ಲಿ ಸೇರಿ ದಿನಾ ಮಾತಾಡುತ್ತಾರೆ. ಮಾತು ಅನ್ನುವುದಕ್ಕಿಂತ ಜಗಳ. ಜಗಳ ಅನ್ನುವುದಕ್ಕಿಂತ ಕಾಲೆಳೆಯಾಟ. ಇಲ್ಲಿ ಅವಳ ಹೆಸರು ತಿಲೋತ್ತಮಾ ಅಲ್ಲ, ಊರಿನ ಹೆಸರು ಸೇರಿಸಿ 'ಭಂಜನಗರ ಡಿಶ್'. ಹೆಸರು ನೋಡಿ ಎಲ್ಲರೂ ಗಂಡಸು ಅಂದುಕೊಂಡರು, ಭಾಯಿನಾ ಅಂದರು, ಅವಳು ತಿದ್ದಲಿಲ್ಲ. ಐದು ವರ್ಷ ತಿದ್ದಲಿಲ್ಲ.

ಅವಳು ದಿನಾ ಸಂಜೆ ಆರಕ್ಕೆ ಮಾಳಿಗೆ ಹತ್ತುತ್ತಿದ್ದದ್ದು ಕೃಪಾಸಿಂಧುವಿಗೆ ಗೊತ್ತಿತ್ತು. ಒಣಹಾಕಿದ ಬಟ್ಟೆ, ಚಳಿಗಾಲದಲ್ಲಿ ಬಡಿ ಅನ್ನುವ ಉದ್ದಿನ ಸಂಡಿಗೆ, ಇಂಥದ್ದೇನೋ ತರುವುದಕ್ಕೆ ಅಂದುಕೊಂಡಿದ್ದ. ಅವಳು ಹೋಗುತ್ತಿದ್ದದ್ದು ಡಿಶ್ ಒರೆಸುವುದಕ್ಕೆ. ಹೊಸ ಚಾನೆಲ್ಲು ಎಲ್ಲರಿಗೂ ಸಿಗುವ ಮೊದಲು ಕೆಲವು ದಿನ ಪರೀಕ್ಷೆಗೆ ಅಂತ ಬಿಡುತ್ತಾರಂತೆ. ಡಿಶ್ಶು ಕೂದಲೆಳೆಯಷ್ಟೂ ಓರೆ ಇಲ್ಲದಿದ್ದರೆ ಮಾತ್ರ ಅದು ಸಿಕ್ಕುತ್ತದಂತೆ. ಅಷ್ಟು ನೇರ ನಿಂತ ಡಿಶ್ಶು ಈ ಕಡೆ ಇದ್ದದ್ದು ಒಂದೇ, ಅದು ಭಾಯಿನಾನದು. ಅದಕ್ಕೇ ದಿನಾ ಸಿಗ್ನಲ್ಲಿನ ಅಂಕಿ ಹಾಕು ಅಂತ ಎಲ್ಲರೂ ಅವನ ಬೆನ್ನುಹತ್ತುತ್ತಿದ್ದರು.

ವಿಷಯ ತಿಳಿಸಿ ಮುಗಿಸಿಬಿಡೋಣ ಅಂತ ಕೃಪಾಸಿಂಧು ಬರೆಯಲು ಕೂತ. 'ತಿಲೋತ್ತಮಾ ಇನ್ನಿಲ್ಲ' ಅಂತ ಬರೆದ. ಬರೆದ ಮೇಲೆ ಹೊಳೆಯಿತು, ಇಲ್ಲಿ ತಿಲೋತ್ತಮಾ ಯಾರಿಗೆ ಗೊತ್ತು? ಅಳಿಸಿದ. 'ಭಾಯಿನಾ ಇನ್ನಿಲ್ಲ' ಅಂತ ಬರೆಯಬೇಕು. ಬೆರಳು ಅಲ್ಲಿಗೆ ನಿಂತಿತು. ಊರಲ್ಲಿ ಅವಳು ಸತ್ತಾಗಿದೆ, ಮನೆಯಲ್ಲಿ ಸತ್ತಾಗಿದೆ, ಪಡಿತರ ಚೀಟಿಯಲ್ಲೂ ಹೆಸರು ಹೊಡೆಸಿ ಬಂದಾಗಿದೆ. ಇದೊಂದು ಕಡೆ ಮಾತ್ರ ಅವಳನ್ನು ಇನ್ನೂ ಕಾಯುತ್ತಿದ್ದರು, ಬೈಯುತ್ತಿದ್ದರು, ಎಲ್ಲಿ ಸತ್ತೆ ಅಂತ ಕೇಳುತ್ತಿದ್ದರು. ಹೇಳಿದರೆ ಆ ಒಂದು ಕಡೆಯೂ ಹೋಗುತ್ತದೆ.

ಎದ್ದು ಹೋಗಿ ಟೀವಿಯಲ್ಲಿ ಸಿಗ್ನಲ್ ಪುಟ ತೆರೆದು, ಕಂಡದ್ದನ್ನು ಹಾಕಿದ: "88."

"ಬದುಕಿದ್ದಾನೆ!" ಅಂತ ಶ್ರೀಕಾಕುಳದ ಅಪ್ಪಲನಾಯ್ಡು ಕೂಗಿದ. "ಭಾಯಿನಾ ಗಾರು, ನಾವು ತಿಥಿ ಊಟಕ್ಕೆ ಬಾಳೆಲೆ ಕೊಯ್ದಿಟ್ಟಿದ್ವಿ."

ಕೃಪಾಸಿಂಧುವಿಗೆ ಇದಕ್ಕೂ ಏನೂ ಆಗಲಿಲ್ಲ. ಫೋನು ಕೆಳಗಿಟ್ಟು ಅನ್ನಕ್ಕಿಟ್ಟ.

ಅಂದಿನಿಂದ ಅವನಿಗೆ ಎರಡು ಕೆಲಸವಾದವು. ಬೆಳಿಗ್ಗೆ ಅವಳು ಬರೆದದ್ದನ್ನೆಲ್ಲ ಓದುವುದು, ಸಂಜೆ ಅವಳಾಗಿ ಬರೆಯುವುದು. ಓದಿದಷ್ಟೂ ಅವನಿಗೆ ಆ ಹೆಂಗಸಿನ ಪರಿಚಯವೇ ಇಲ್ಲ ಅನ್ನಿಸಿತು. ಬಾಪ್ಪಾದಾ ಒಮ್ಮೆ, "ನಿಮ್ ಒಡಿಯಾ ಎಚ್‌ಡಿ ಬರೋ ಹೊತ್ತಿಗೆ ನಮ್ಮೋರು ಚಂದ್ರನ ಮೇಲೆ ಮೀನಂಗಡಿ ಇಟ್ಟಿರ್ತಾರೆ" ಅಂದಿದ್ದ. ಅದಕ್ಕೆ ಅವಳು, "ಇಡ್ರಪ್ಪಾ. ಹೋಗ್ವಾಗ ಮಂಕಿ ಟೋಪಿ ಮರೀಬೇಡಿ, ಅಲ್ಲಿ ಗಾಳಿ ಇಲ್ದಿದ್ರೂ ನಿಮ್ ಬಂಗಾಳಿಗಳಿಗೆ ನೆಗಡಿ ಆಗುತ್ತೆ" ಅಂದಿದ್ದಳು. ತೆಲುಗಿಗೆ ಇಷ್ಟೊಂದು ಎಚ್‌ಡಿ ಇದೆ ಅಂತ ನಾಯ್ಡು ಬೀಗಿದ್ದಾಗ, "ಎಷ್ಟಿದ್ರೇನು ನಾಯ್ಡು, ಎಲ್ಲದ್ರಲ್ಲೂ ಅದೇ ಹತ್ತು ಜೀಪು ಮೇಲಕ್ಕೆ ಹಾರೋದು ತಾನೇ? ಒಂದ್ರಲ್ಲಿ ನೋಡಿದ್ರೆ ಸಾಕು" ಅಂದಿದ್ದಳು. ತನ್ನ ನಾಡಿನವನೇ ಆದ ಕಟಕದ ಪಿಂಟು, "ನಿಮ್ ಗಂಜಾಂ ಜಿಲ್ಲೆಯೋರೆಲ್ಲ ಸೂರತ್ತಲ್ಲಿ ಮಗ್ಗ ಹೊಡೀತಿದ್ದಾರೆ, ಊರಲ್ಲಿ ಎಚ್‌ಡಿ ಬಂದ್ರೆ ನೋಡೋರ್ಯಾರು?" ಅಂತ ಚುಚ್ಚಿದ್ದಕ್ಕೆ, "ನಾವು ದುಡಿಯೋಕೆ ಸೂರತ್ತಿಗಾದ್ರೂ ಹೋಗ್ತೀವಿ. ಕಟಕದೋರು ಮೊಸರುವಡೆ ಗಾಡಿ ಬಿಟ್ಟು ಕದಲಿದ್ದನ್ನ ಯಾರಾದ್ರೂ ಕಂಡಿದ್ದೀರಾ?" ಅಂದಿದ್ದಳು.

ಮನೆಯಲ್ಲಿ ಅವಳು ಇಂಥ ಒಂದು ಮಾತು ಆಡಿದ್ದು ಅವನಿಗೆ ನೆನಪಿಲ್ಲ. ಆಡಿದ್ದಿರಬಹುದು. ಕೇಳಿಸಿಕೊಳ್ಳುವವನು ಯಾರಿದ್ದ?

ತನ್ನ ಬಗ್ಗೆಯೂ ಒಂದು ಕಡೆ ಸಿಕ್ಕಿತು. 'ಇವತ್ತಿಗೆ ಸಾಕು, ಮನೇಲಿ ಬೈತಾರೆ' ಅಂತ ಅವಳು ಬರೆದಿದ್ದಳು. ಕೆಳಗೆ ಬಾಪ್ಪಾದಾ, "ಅಯ್ಯೋ ಭಾಯಿನಾ, ಹೆಂಡ್ತಿ ಅಂದ್ರೆ ಇಷ್ಟು ಭಯಾನಾ?" ಅಂತ ಹಲ್ಲು ಕಿರಿದಿದ್ದ. "ಏನ್ ಮಾಡ್ಲಿ, ಗಯ್ಯಾಳಿ" ಅಂತ ತಿಲೋತ್ತಮಾ ಉತ್ತರ ಕೊಟ್ಟಿದ್ದಳು. ಕೃಪಾಸಿಂಧು ಅದನ್ನು ಎರಡು ಸಲ ಓದಿದ. ಆ ಗಯ್ಯಾಳಿ ತಾನು.

ಇಪ್ಪತ್ತನೆಯ ದಿನಕ್ಕೆ ಅಂಕಿ ಎಪ್ಪತ್ತೊಂದಕ್ಕೆ ಇಳಿಯಿತು. ಇದ್ದದ್ದನ್ನೇ ಹಾಕಿದ. ಕೃಪಾಸಿಂಧು ಊರಿನ ಅಣೆಕಟ್ಟಿನಲ್ಲಿ ನೀರಿನ ಮಟ್ಟ ಓದಿ ಪುಸ್ತಕಕ್ಕೆ ಬರೆಯುವ ಕೆಲಸದಲ್ಲಿ ಮೂವತ್ತೊಂದು ವರ್ಷ ಇದ್ದವನು. ಮೇಲಿನವರು ಎಷ್ಟೇ ಗದರಿಸಿದರೂ ಒಂದು ದಿನವೂ ಸುಳ್ಳು ಅಂಕಿ ಬರೆದವನಲ್ಲ, ಅದೊಂದು ಜಂಬ ಅವನಿಗೆ ಇವತ್ತಿಗೂ ಇದೆ.

"ಎಪ್ಪತ್ತೊಂದಾ? ಭಾಯಿನಾಗೆ ವಯಸ್ಸಾಯ್ತು ಕಣ್ರೋ" ಅಂದ ಪಿಂಟು.

"ಡಿಶ್ ಮೇಲೆ ಬಡಿ ಒಣಹಾಕಿರ್ಬೇಕು" ಅಂದ ಬಾಪ್ಪಾದಾ.

ಮಾಳಿಗೆಗೆ ಹೋಗಿ ನೋಡಿದರೆ ಪಕ್ಕದ ಮನೆಯ ನುಗ್ಗೆ ಮರದ ಕೊಂಬೆ ಡಿಶ್ಶಿಗೆ ಅಡ್ಡ ಬಂದು ತಾಗಿ, ಅದನ್ನು ಒಂದಿಷ್ಟು ದೂಡಿಯೂ ಇತ್ತು. ಕೊಂಬೆ ಕಡಿದ. ಡಿಶ್ಶನ್ನು ತಿರುಗಿಸಬೇಕಿತ್ತು. ಅದು ಇಬ್ಬರ ಕೆಲಸ, ಒಬ್ಬರು ಮೇಲೆ ನಿಂತು "ಬಂತಾ?" ಅನ್ನಬೇಕು, ಇನ್ನೊಬ್ಬರು ಟೀವಿ ಮುಂದೆ ಕೂತು "ಇನ್ನೂ ಇಲ್ಲ" ಅನ್ನಬೇಕು. ಅವನು ಒಬ್ಬನೇ. ಬೆರಳಗಲ ತಿರುಗಿಸಿದ, ಹದಿನೆಂಟು ಮೆಟ್ಟಿಲು ಇಳಿದು ನೋಡಿದ, ಮತ್ತೆ ಹತ್ತಿದ. ಆರನೆಯ ಸಲಕ್ಕೆ ಏದುಸಿರು ಬಂದು ಮೆಟ್ಟಿಲ ಮೇಲೇ ಕೂತುಬಿಟ್ಟ. ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಅವಳು ಇದೇ ಮೆಟ್ಟಿಲ ಮೇಲೆ ನಿಂತು, "ರೀ, ಒಂದು ಗಳಿಗೆ ಟೀವಿ ಮುಂದೆ ಕೂತ್ಕೊಂಡು ಅಂಕಿ ಕೂಗ್ತೀರಾ?" ಅಂದಿದ್ದಳು. "ನಿನ್ ಹುಚ್ಚಿಗೆ ನಾನ್ಯಾಕೆ ಕೂಗ್ಲಿ" ಅಂದು ಅವನು ಪೇಪರು ಮಗುಚಿದ್ದ. ಅವಳು ಮಂಡಿ ನೋವು ಇಟ್ಟುಕೊಂಡು ಒಬ್ಬಳೇ ಹತ್ತಿ ಇಳಿದಿದ್ದಳು. ಮತ್ತೆಂದೂ ಕರೆದಿರಲಿಲ್ಲ.

ಮೂವತ್ತೊಂದು ವರ್ಷ ಸರಕಾರಕ್ಕೆ ಅಂಕಿ ಓದಿದವನು ಹೆಂಡತಿಗೆ ಒಂದು ಗಳಿಗೆ ಓದಲಿಲ್ಲ. ಇದನ್ನು ನೆನೆದಾದರೂ ಕಣ್ಣು ತುಂಬಬೇಕಿತ್ತು. ತುಂಬಲಿಲ್ಲ. ಎದ್ದು ಏಳನೆಯ ಸಲ ಮೇಲೆ ಹೋದ. ಕತ್ತಲಾಗುವ ಮೊದಲು ಅಂಕಿ ಎಂಬತ್ತೆಂಟಕ್ಕೆ ಬಂತು.

ಮಾರ್ಗಶಿರದ ಎರಡನೆಯ ಗುರುವಾರ. ಕೇರಿಯ ಹೊಸ್ತಿಲುಗಳಲ್ಲೆಲ್ಲ ಹೆಂಗಸರು ಅಕ್ಕಿಹಿಟ್ಟಿನಲ್ಲಿ ಲಕ್ಷ್ಮಿಯ ಪಾದ ಬರೆದಿದ್ದರು, ಅವನದೊಂದು ಬರಿದಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಸುಮ್ಮನೆ ಟೀವಿಯಲ್ಲಿ ಚಾನೆಲ್ಲುಗಳ ಪಟ್ಟಿ ಹುಡುಕಿಸಿದ. ಎಂದೂ ಇಲ್ಲದ ಒಂದು ನಂಬರಿನಲ್ಲಿ ಪರೀಕ್ಷೆಯ ಬಣ್ಣದ ಪಟ್ಟೆಗಳು ಕಂಡವು. ಪಟ್ಟೆಗಳ ನಡುವೆ ದುಂಡನೆಯ ಒಡಿಯಾ ಅಕ್ಷರದಲ್ಲಿ ಚಾನೆಲ್ಲಿನ ಹೆಸರು, ಪಕ್ಕದಲ್ಲಿ ಎಚ್‌ಡಿ. ಅಂಚುಗಳು ಎಷ್ಟು ಚೂಪಾಗಿದ್ದವೆಂದರೆ ಮುಟ್ಟಿದರೆ ಬೆರಳು ಕೊಯ್ಯುವಂತಿತ್ತು. ಐದು ವರ್ಷ ಅವಳು ಕಾದದ್ದು ಇದಕ್ಕೆ. ನಲವತ್ತೇ ದಿನದಲ್ಲಿ ಅದು ಅವಳಿಗೆ ತಪ್ಪಿಹೋಗಿತ್ತು.

"ಬಂತು" ಅಂತ ಹಾಕಿದ.

ಕಟ್ಟೆಯಲ್ಲಿ ಕೋಲಾಹಲವೆದ್ದಿತು. "ಚೀಟಿ ಇಡು, ಚೀಟಿ!" ಅಂದ ಬಾಪ್ಪಾದಾ. "ಚೀಟಿ ಇಲ್ದೆ ನಂಬೋಕೆ ನಾವೇನು ಒಡಿಯಾಗಳಾ?"

ಅದು ಅಲ್ಲಿನ ಕಟ್ಟಳೆ. ಹಿಂದೆ ಸುಳ್ಳು ಫೋಟೋ ಹಾಕಿ ಮೆರೆದವರು ಬಹಳ ಮಂದಿ; ಹಾಗಾಗಿ ಹೊಸ ಚಾನೆಲ್ ಕಂಡವರು ತಮ್ಮ ಹೆಸರು, ಅಂದಿನ ತಾರೀಖು ಕೈಯಲ್ಲಿ ಬರೆದ ಚೀಟಿಯನ್ನು ಟೀವಿಯ ಪಕ್ಕ ಇಟ್ಟು ಫೋಟೋ ತೆಗೆಯಬೇಕು. ಭಾಯಿನಾನ ಕೈಬರಹ ಎಲ್ಲರಿಗೂ ಪರಿಚಿತ, ಹಳೆಯ ಚೀಟಿಗಳು ಹತ್ತಾರಿದ್ದವು.

ಕಾಗದ ಹುಡುಕಲು ಕೃಪಾಸಿಂಧು ರಿಮೋಟನ್ನು ಬೋರಲು ಹಾಕಿ ಎದ್ದ. ರಿಮೋಟಿಗೆ ಅವಳು ಧೂಳು ಕೂರದಂತೆ ಪ್ಲಾಸ್ಟಿಕ್ ಕವರು ಹಾಕಿದ್ದಳು. ಕವರಿನೊಳಗೆ, ಬೆನ್ನಿಗೆ, ಮಡಿಸಿದ ಒಂದು ಕಾಗದ. ಗ್ಯಾರಂಟಿ ಚೀಟಿ ಅಂದುಕೊಂಡು ಇಷ್ಟು ದಿನ ಮುಟ್ಟಿರಲಿಲ್ಲ. ಬಿಡಿಸಿದ. ಅವಳ ಅಕ್ಷರ:

'ಭಂಜನಗರ ಡಿಶ್. ನಮ್ಮ ಒಡಿಯಾ ಎಚ್‌ಡಿ ಬಂತು. ತಾರೀಖು:'

ಮುಂದೆ ಖಾಲಿ.

ಅಂದರೆ ಮೊದಲೇ ಬರೆದಿಟ್ಟುಕೊಂಡಿದ್ದಳು, ಬಂದ ಗಳಿಗೆಯಲ್ಲಿ ತಡವಾಗಬಾರದು ಅಂತ. ಎರಡು ಅಂಕಿ ಗೀಚಿದರೆ ಮುಗಿಯಿತು. ಭಾಯಿನಾ ಗೆಲ್ಲುತ್ತಾನೆ, ನಾಳೆಯೂ ಇರುತ್ತಾನೆ, ಮುಂದಿನ ವರ್ಷವೂ ಇರುತ್ತಾನೆ. ಪೆನ್ನು ತಂದ. ಮುಚ್ಚಳ ತೆಗೆದ. ಚೀಟಿಯ ಮೇಲೆ ಕೈ ಇಟ್ಟ.

ಆಗಲಿಲ್ಲ. ಅವಳ ಅಕ್ಷರದ ಪಕ್ಕ ತನ್ನ ಅಂಕಿ ಬಂದರೆ, ಅವಳು ಈ ದಿನ ಇದ್ದಳು ಅಂತ ಬರೆದಂತೆ. ಅದು ಸುಳ್ಳು ಅಂಕಿ. ಇನ್ನೂ ಒಂದಿತ್ತು. ಇದು ಅವಳ ಗೆಲುವು. ಅದು ಯಾವನೋ ಇಲ್ಲದ ಗಂಡಸಿನ ಪಾಲಾಗುವುದು ಅವನಿಗೆ ಬೇಡವಾಗಿತ್ತು. ತಾರೀಖಿಲ್ಲದ ಚೀಟಿಯನ್ನೇ ಟೀವಿಗೆ ಆನಿಸಿ ಫೋಟೋ ತೆಗೆದು ಹಾಕಿದ.

"ಓ ಭಾಯಿನಾ, ತಾರೀಖು ಎಲ್ಲಿ?" ಬಾಪ್ಪಾದಾ ತಕ್ಷಣ ಹಿಡಿದ. "ಐದು ವರ್ಷ ಕಾದು ತಾರೀಖು ಮರೆತ್ಯಾ? ಈ ಫೋಟೋ ನಡಿಯಲ್ಲ. ಬರ್ದು ತೆಗಿ!"

"ಕ್ಯಾಲೆಂಡರ್ ಇಲ್ವೇನೋ ಪಾಪ, ಸೂರತ್ತಿಂದ ಬರ್ಬೇಕು" ಅಂದ ಪಿಂಟು.

ಕೃಪಾಸಿಂಧು ಒಂದೊಂದೇ ಅಕ್ಷರ ಒತ್ತಿದ.

"ತಾರೀಖು ಬರೆಯೋರು ಇಲ್ಲ. ನಲವತ್ತು ದಿನ ಆಯ್ತು. ನೀವು ಭಾಯಿನಾ ಅಂತಿದ್ದದ್ದು ನನ್ನ ಹೆಂಡ್ತೀನ. ಹೆಸರು ತಿಲೋತ್ತಮಾ. ಡಿಶ್ಶು ನಿಲ್ಲಿಸಿದ್ದೂ ಅವಳೇ, ಇದನ್ನ ಹಿಡಿದಿದ್ದೂ ಅವಳೇ. ಇಷ್ಟು ದಿನ ಅಂಕಿ ಹಾಕಿದ್ದು ನಾನು. ಗಯ್ಯಾಳಿ."

ಹತ್ತು ನಿಮಿಷದ ಮೇಲೆ ಕೈಮುಗಿದ ಚಿತ್ರಗಳು ಒಂದರ ಹಿಂದೆ ಒಂದು ಬರತೊಡಗಿದವು. ನಾಯ್ಡು, "ಅಮ್ಮನವರ ಆತ್ಮಕ್ಕೆ ಶಾಂತಿ ಸಿಗಲಿ" ಅಂದ. ಪಿಂಟು, "ತಪ್ಪಾಯ್ತು ಮೌಸಾ, ಗೊತ್ತಿರ್ಲಿಲ್ಲ" ಅಂದ. ಬಾಪ್ಪಾದಾ, "ಕಾಕಾಬಾಬು, ಕ್ಷಮಿಸಿ. ಬಾಯಿಗೆ ಬಂದಂತೆ ಮಾತಾಡಿದೆ. ಫೋಟೋ ನಡಿಯುತ್ತೆ. ದೀದಿಯೇ ಮೊದಲು" ಅಂದ.

ಎಲ್ಲರೂ ಒಳ್ಳೆಯವರು. ಒಬ್ಬರೂ ಬೈಯಲಿಲ್ಲ, ಕಾಲೆಳೆಯಲಿಲ್ಲ; ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಅವಸರದಲ್ಲಿ, ಬೆರಳು ಅಲ್ಲಿ ಇಲ್ಲಿ ತಾಗಿ, ಬರೆದ: "ಏನಯ್ಯಾ ಬಾಪ್ಪಾ, ಒಡಿಯಾ ಎಚ್‌ಡಿ ಬಂದೇ ಬಿಡ್ತಲ್ಲ. ಎಲ್ಲಿ ನಿನ್ ಚಂದ್ರನ ಮೇಲಿನ ಮೀನಂಗಡಿ? ಮಂಕಿ ಟೋಪಿ ಬಾಯಿಗೆ ಇಳೀತಾ?"

ಕಾದ. ಟೀವಿಯಲ್ಲಿ ಬಣ್ಣದ ಪಟ್ಟೆಗಳು ಹಾಗೇ ನಿಂತಿದ್ದವು. ಈಗ ಬರುತ್ತದೆ ಪಖಾಳದ ಮಾತು, ಈಗ ಬರುತ್ತದೆ ಗೊರಕೆಯ ಮಾತು ಅಂತ ಫೋನು ಹಿಡಿದು ಕಾದ.

ಟಣ್ ಎಂದಿತು. "ನೀವು ವಿಶ್ರಾಂತಿ ತಗೊಳ್ಳಿ ಕಾಕಾಬಾಬು" ಅಂತ ಬಾಪ್ಪಾದಾ ಬರೆದಿದ್ದ. "ಹೊತ್ತು ಹೊತ್ತಿಗೆ ಊಟ ಮಾಡಿ."

ಆಗ ಕೃಪಾಸಿಂಧುವಿಗೆ ಹೆಂಡತಿ ಸತ್ತದ್ದು ಗೊತ್ತಾಯಿತು. ರಿಮೋಟನ್ನು ಎದೆಗೆ ಅವುಚಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಅತ್ತ.