ನಾಲ್ಕು ಜಾಗ, ಐದು ಹೆಸರು

ವಿನ್ನಿಪೆಗ್‌ನಲ್ಲಿ ಯಾವ ಎರಿಟ್ರಿಯನ್ ಮನೆಗೆ ಹೋದರೂ ಒಂದೇ ವಿಚಾರಣೆ: "ನಿಮ್ಮವರ ಅರ್ಜಿ ಎಲ್ಲಿಗೆ ಬಂತು?" ನಿಮ್ಮವರೆಂದರೆ ಎಲ್ಲೋ ನಿರಾಶ್ರಿತರಾಗಿ ಕೂತಿರುವ ಅಣ್ಣ, ತಂಗಿ, ಭಾವ. ಮಿಹ್ರೆತ್‌ಗೂ ಅಂಥ ಒಬ್ಬ ತಮ್ಮನಿದ್ದಾನೆ, ತೆಸ್ಫು. ಆರು ವರ್ಷದಿಂದ ಕಂಪಾಲಾದಲ್ಲಿ ಕಾಯುತ್ತಿದ್ದಾನೆ.

ಅವನನ್ನು ಕರೆಸಿಕೊಳ್ಳುವ ಹೊಣೆ ಹೊರಲು ಈ ಸಲ ನಮ್ಮ ಚರ್ಚು ಒಪ್ಪಿತು. ಶನಿವಾರ ಹೈಮನೋತ್ ಅರ್ಜಿ ಹಿಡಿದು ಬಂದಳು. ಚರ್ಚಿನ ಅರ್ಜಿಗಳನ್ನು ತುಂಬುವವಳು ಅವಳೇ. ಮಿಹ್ರೆತ್ ಕಾಫಿ ಬೀಜ ಹುರಿದಳು. ನಮ್ಮಲ್ಲಿ ಮೂರು ಸುತ್ತು ಕುಡಿಯದೆ ಯಾರೂ ಏಳುವಂತಿಲ್ಲ.

"ಮೊದಲೇ ಹೇಳಿಬಿಡ್ತೀನಿ ಅಕ್ಕಾ," ಎಂದಳು ಹೈಮನೋತ್. "ವರ್ಷಕ್ಕೆ ಇಷ್ಟೇ ಜನ ನಿರಾಶ್ರಿತರು ಅಂತ ಸರ್ಕಾರ ಮಿತಿ ಹಾಕಿರತ್ತೆ. ಅದರಲ್ಲಿ ನಮ್ಮ ಚರ್ಚಿಗೂ ಒಂದು ಪಾಲು. ಈಗ ಉಳಿದಿರೋದು ನಾಲ್ಕೇ ಜಾಗ."

ಮಿಹ್ರೆತ್‌ಳ ಗಂಡ ಒಕ್ಬಾಯ್ ಟ್ಯಾಕ್ಸಿ ಓಡಿಸುವವನು. ಎಲ್ಲಕ್ಕೂ ಅವನ ಹತ್ತಿರ ಒಂದು ಅಡ್ಡದಾರಿ ಇರುತ್ತದೆ.

"ತೆಸ್ಫು, ಹೆಂಡ್ತಿ, ಇಬ್ಬರು ಹುಡುಗರು. ನಾಲ್ಕು! ಅಳತೆ ಕೊಟ್ಟು ಹೊಲಿಸಿದ ಹಾಗಿದೆ."

"ವಿಂತಾನ ಮರೆತ್ರಾ?" ಎಂದಳು ಮಿಹ್ರೆತ್. ವಿಂತಾ ತೆಸ್ಫುವಿನ ಹಿರಿಮಗಳು. ಹದಿನೈದು ವರ್ಷ. ಆಡಿಸ್ ಅಬಾಬಾದಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ.

"ಅವಳು ಅವರ ಜೊತೇಲಿಲ್ವಲ್ಲ. ಹೆಸರು ಬಿಟ್ಟುಬಿಡಿ. ಇವರು ಮೊದಲು ಬರಲಿ, ಆಮೇಲೆ ಅವಳನ್ನ ಕರೆಸಿಕೊಂಡ್ರಾಯ್ತು."

"ಆಮೇಲೆ ಅನ್ನೋದೇ ಇರಲ್ಲ ಅಣ್ಣಾ. ಜೊತೇಲಿ ಬರಲಿ ಬಿಡಲಿ, ಮಕ್ಕಳೆಲ್ಲರ ಹೆಸರೂ ಅರ್ಜೀಲಿ ಇರಬೇಕು, ಒಂದೊಂದು ಹೆಸರಿಗೂ ಒಂದೊಂದು ಜಾಗ. ಈಗ ಬಿಟ್ರೆ, ನಾಳೆ 'ಇವಳು ನನ್ನ ಮಗಳು' ಅಂತ ಅಪ್ಪ ಹೇಳಿದಾಗ 'ಆವತ್ತು ಯಾಕೆ ಹೇಳಲಿಲ್ಲ?' ಅಂತ ಬಾಗಿಲು ಹಾಕ್ತಾರೆ."

"ಸರ್ಕಾರಕ್ಕೆ ನಮ್ಮ ಮನೆ ಮಕ್ಕಳನ್ನ ಎಣಿಸೋದೇ ಕೆಲಸಾನಾ? ಐದು ಅಂದ್ರೆ ಮುಂದಿನ ವರ್ಷಕ್ಕೆ ಹೋಗತ್ತೆ. ಮುಂದಿನ ವರ್ಷ ಮಿತಿ ಇನ್ನೂ ಇಳಿಸಿದ್ರೆ? ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ, ಅಷ್ಟೆ."

"ಇಳಿಸಬಹುದು. ಇಳಿಸಲ್ಲ ಅಂತ ನಾನು ಸುಳ್ಳು ಹೇಳಲ್ಲ."

ಮಿಹ್ರೆತ್ ಎರಡನೆಯ ಸುತ್ತು ಬಗ್ಗಿಸಿದಳು. ಅವಳಿಗೆ ತಮ್ಮನೂ ಬೇಕು, ವಿಂತಾಳೂ ಬೇಕು.

"ಅಣ್ಣಾ, ನನಗೆ ಎಷ್ಟು ಮಕ್ಕಳು?" ಹೈಮನೋತ್ ಕೇಳಿದಳು.

"ಇದೇನು ಪ್ರಶ್ನೆ? ಇಬ್ಬರು. ಭಾನುವಾರ ಚರ್ಚಲ್ಲಿ ನೋಡ್ತೀನಲ್ಲ."

"ಮೂವರು. ದೊಡ್ಡವನು ಸೆನಾಯ್, ಕೈರೋದಲ್ಲಿದಾನೆ. ನನಗೂ ಒಬ್ಬರು ನಿಮ್ಮ ಹಾಗೇ ಬುದ್ಧಿ ಹೇಳಿದ್ರು, ಅವರ ಮಾತು ಕೇಳಿ ಅವನ ಹೆಸರು ಬಿಟ್ಟೆ. ಒಂಬತ್ತು ವರ್ಷದಿಂದ ಅರ್ಜಿ ಮೇಲೆ ಅರ್ಜಿ ಹಾಕ್ತಾನೇ ಇದೀನಿ. ಅವನು ಕೇಳಿದ್ದು ಒಂದೇ ಸಲ. 'ಅಮ್ಮಾ, ಎಷ್ಟು ಮಕ್ಕಳು ಅಂತ ಕೇಳಿದಾಗ ನೀನು ಇಬ್ಬರು ಅಂದ್ಯಾ?'"

ಒಕ್ಬಾಯ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ. ಮಿಹ್ರೆತ್ ಕಂಪಾಲಾಕ್ಕೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಆರು ವರ್ಷ ಕಾದಿದೀವಿ ಅಕ್ಕಾ, ಇನ್ನೊಂದು ಕಾಯ್ತೀವಿ," ಎಂದ ತೆಸ್ಫು. "ವಿಂತಾ ಹೆಸರು ಬರೆಸು."

"ಕೊಡಮ್ಮಾ ಇಲ್ಲಿ," ಎಂದು ಒಕ್ಬಾಯ್ ಪೆನ್ನು ತೆಗೆದುಕೊಂಡ. ಐದನೆಯ ಹೆಸರನ್ನು ಅವನೇ ಬರೆದ. ಮೂರನೆಯ ಸುತ್ತಿನ ಕಾಫಿ ಆಮೇಲೆ ಬಂತು.

ಆ ನಾಲ್ಕು ಜಾಗ ಬೇರೊಂದು ಮನೆಯವರಿಗೆ ಹೋಯಿತು. ಮಿಹ್ರೆತ್‌ಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ತೆಸ್ಫುವಿನ ಅರ್ಜಿ ಮುಂದಿನ ವರ್ಷದ ಸಾಲಿನಲ್ಲಿದೆ, ಐದು ಹೆಸರಿನ ಸಮೇತ.

ಓದುತ್ತಿರುವವರೇ, ಎಷ್ಟು ಜನ ಬರಬಹುದೆಂದು ಹೇಳುವುದು ಸರ್ಕಾರ. ಅದು ನಮ್ಮ ಕೈಯಲ್ಲಿಲ್ಲ. ನಮಗೆಷ್ಟು ಮಕ್ಕಳೆಂದು ಹೇಳುವವರು ನಾವೇ. ಜೊತೆಗಿರುವ ಮಗು, ದೂರದಲ್ಲಿರುವ ಮಗು, ಮೊನ್ನೆ ಹುಟ್ಟಿದ ಕೂಸು, ಯಾರನ್ನೂ ಬಿಡಬೇಡಿ. ಅನುಮಾನವಿದ್ದರೆ ಸಹಿ ಹಾಕುವ ಮುಂಚೆ ಕೇಳಿ. ಪ್ರತಿ ಶನಿವಾರ ಹೈಮನೋತ್ ಚರ್ಚಿನಲ್ಲಿ ಸಿಗುತ್ತಾಳೆ. ನಿನಗೆಷ್ಟು ಮಕ್ಕಳೆಂದು ಅವಳನ್ನೇ ಕೇಳಿ ನೋಡಿ. ಮೂವರು ಎನ್ನುತ್ತಾಳೆ.