ತಮ್ಮನ ಪಾದ

ವವಾಉ ದ್ವೀಪದ ಆ ಊರಿನಲ್ಲಿ ನರ್ಸ್ ಕಲೊಲೈನೆ ನೋಡದ ಪಾದ ಒಂದೇ ಒಂದು. ಸಕ್ಕರೆ ಕಾಯಿಲೆಯವರ ಕಾಲು ಮರಗಟ್ಟಿ ಗಾಯವೂ ತಿಳಿಯುವುದಿಲ್ಲ, ಅದನ್ನು ಬೆರಳಸಂದಿಯೂ ಬಿಡದೆ ನೋಡಬೇಕೆಂದು ಹೊರದೇಶದ ಡಾಕ್ಟರುಗಳು ಬಂದು ಕಲಿಸಿ, ಗೋಡೆಗೆ ಚಿತ್ರ ಅಂಟಿಸಿ ಹೋಗಿದ್ದರು. ಪಾಪ, ಒಳ್ಳೆಯ ಜನ. ಆದರೆ ಅಕ್ಕ ತಮ್ಮನ ಮೈ ನೋಡಬಾರದ ಊರಿನಲ್ಲಿ ನರ್ಸಿಗೂ ಒಬ್ಬ ತಮ್ಮ ಇರುತ್ತಾನೆಂಬುದು ಅವರ ಪಾಠದಲ್ಲಿರಲಿಲ್ಲ.

ತಮ್ಮ ಮನಾಸೆ ಚರ್ಚಿನಲ್ಲಿ ಹಾಡು ಎತ್ತಿಕೊಡುವವನು, ಸಕ್ಕರೆ ಕಾಯಿಲೆಯ ಹಳೆಯ ಗಿರಾಕಿ. ದೊಡ್ಡವರಾದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತವರಲ್ಲ. ಅವಳು ಬಂದರೆ ಅವನು ಎದ್ದು ಹೋಗುತ್ತಿದ್ದ. ಅಲ್ಲಿ ಅಕ್ಕನ ಸ್ಥಾನ ಅಷ್ಟು ದೊಡ್ಡದು. ಅಂಥವಳ ಕೈಯಲ್ಲಿ ಕಾಲು ತೊಳೆಸಿಕೊಂಡರೆ ನರಕವೇ ಗತಿ ಎಂದು ಅವನ ಲೆಕ್ಕ.

ಮೀನು ಹಿಡಿಯುವಾಗ ಅವನು ಹವಳದ ಬಂಡೆ ತುಳಿದ ಸುದ್ದಿ ಅವನ ಹೆಂಡತಿ ವಿಕಾಳಿಂದ ಬಂತು. ಸಣ್ಣ ಗಾಯ, ಎಲೆ ಅರೆದು ಕಟ್ಟಿದ್ದೇನೆ ಅಂದಳು. ಕಲೊಲೈನೆ ಅವಳ ಕೈಯಲ್ಲೇ ಮಾತ್ರೆ, ಹತ್ತಿ ಕಳಿಸಿದಳು. ನೆಯಾಫು ಪಟ್ಟಣದ ಆಸ್ಪತ್ರೆಗೆ ಹೋಗು ಎಂದು ಹೇಳಿ ಕಳಿಸೋಣವೆಂದರೆ ನಾಲಿಗೆ ಹೊರಳಲಿಲ್ಲ. ತಮ್ಮನ ಮೈಯ ಮಾತು ಎತ್ತುವುದೇ ನಾಚಿಕೆಗೇಡು. ಊರಿಗೆಲ್ಲ ಬೈದು ಬುದ್ಧಿ ಹೇಳುವ ಬಾಯಿಗೆ ಅಲ್ಲಿ ಬೀಗ ಬಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ.

ಮುಂದಿನ ತಿಂಗಳ ಒಂದು ಭಾನುವಾರ ಮನಾಸೆ, ಚರ್ಚಿಗೆ ಬರುವಾಗ ಎಲ್ಲರೂ ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯನ್ನು ಪಾದ ಮುಚ್ಚುವಷ್ಟು ಇಳಿಬಿಟ್ಟು ಬಂದ. ಹಾಡುವಾಗ ಪಕ್ಕದವರು ಮೆಲ್ಲಗೆ ಸರಿದು ಕೂತರು. ವಾಸನೆ ಹೆಂಗಸರ ಬೆಂಚಿನವರೆಗೂ ಬಂತು. ಅದು ಯಾವ ವಾಸನೆ ಎಂದು ಕಲೊಲೈನೆಗೆ ಯಾರೂ ಹೇಳಬೇಕಿರಲಿಲ್ಲ.

ಪ್ರಾರ್ಥನೆ ಮುಗಿದದ್ದೇ ಅವಳು ಅವನ ಹಿಂದೆಯೇ ಹೋದಳು. ಅವನ ಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತಳು, ಆಮೇಲೆ ಒಳಗೆ ಕಾಲಿಟ್ಟಳು. ವಿಕಾ ಮುಖ ಮುಚ್ಚಿಕೊಂಡಳು. ಮನಾಸೆ ಏಳಲು ನೋಡಿದ, ಕಾಲು ಕೇಳಲಿಲ್ಲ. ಕಲೊಲೈನೆ ಚಾಪೆ ಸರಿಸಿದಳು. ಹಿಮ್ಮಡಿಯವರೆಗೂ ಕಪ್ಪಾಗಿತ್ತು, ಕೆಂಪು ಗೆರೆ ಮಂಡಿ ದಾಟಿತ್ತು.

"ಕಾಲು ತೆಗೀತಾರೆ ಕಣೋ," ಅಂದಳು. "ತೆಗೆದ್ರೂ ಜೀವ ಉಳಿಯುತ್ತೆ ಅಂತ ಹೇಳಕ್ಕಾಗಲ್ಲ. ಒಂದು ವಾರ ಮೊದ್ಲು ಹೋಗಿದ್ರೂ ಸಾಕಿತ್ತು. ಯಾಕೋ ಹೋಗ್ಲಿಲ್ಲ?"

ಅವನು ಗೋಡೆ ನೋಡುತ್ತಲೇ ಮಾತಾಡಿದ.

"ನೀನು ಹೋಗು ಅನ್ಲಿಲ್ವಲ್ಲ ಅಕ್ಕ. ಅಷ್ಟು ದೊಡ್ಡದಾಗಿದ್ರೆ ನೀನೇ ಹೇಳ್ತಿದ್ದೆ ಅಂತ ಸುಮ್ನಿದ್ದೆ. ನಿನ್ನ ಮಾತು ಮೀರ್ತಿದ್ನಾ ನಾನು?"

ಆ ಮಾತಿನಲ್ಲಿ ದೂರಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ನೆಲದ ಮೇಲೆ ಕೂತು, ಬುದ್ಧಿ ಬಂದಾಗಿನಿಂದ ಮುಟ್ಟದ ಆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಕ್ಕ ಮುಟ್ಟಿದ್ದು ಅವನಿಗೆ ಗೊತ್ತೇ ಆಗಲಿಲ್ಲ.